ಕೇಪು ಬಂತಾ? ಅಮೆರಿಕದ ಕೋವಿ ಅಂಗಡಿಗಳಲ್ಲಿ ಶೆಲ್ಫ್ ಖಾಲಿಯಾದ ಕತೆ

(ಮಡಿಕೇರಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಕೊಡಗಿನಲ್ಲಿ ನಿಂತು ಕೋವಿಯ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ನನ್ನ ವಯಸ್ಸಿಗಿಂತ ಹಳೆಯ ಕೋವಿಗಳಿವೆ. ಕೈಲ್ ಮುಹೂರ್ತದ ದಿನ ಅದಕ್ಕೆ ತೋಕ್ ಪೂ ಇಟ್ಟು ಪೂಜೆ ಮಾಡುವವರು ನೀವು. ಹಾಗಾಗಿ ಕೋವಿಯ ಬಗ್ಗೆ ನಾನು ಏನೂ ಹೇಳಿಕೊಡಲು ಬಂದಿಲ್ಲ. ಅದಕ್ಕೆ ಹಾಕುವ ತೋಟಾ ಬಗ್ಗೆ, ಅದರಲ್ಲೂ ತೋಟಾದ ಹಿಂಬದಿಯಲ್ಲಿ ಕೂರುವ ಪುಟ್ಟ ಕೇಪಿನ ಬಗ್ಗೆ ಹೇಳುತ್ತೇನೆ. ಕುದುರೆ ಎಳೆದಾಗ ಮೊದಲು ಸಿಡಿದು ಒಳಗಿನ ಮದ್ದಿಗೆ ಬೆಂಕಿ ಹೊತ್ತಿಸುವುದು ಅದೇ. ಅಮೆರಿಕದವರು ಅದನ್ನು ಪ್ರೈಮರ್ ಅನ್ನುತ್ತಾರೆ. ನಾನು ಕೇಪು ಅಂತಲೇ ಕರೆಯುತ್ತೇನೆ, ನಿಮಗೆ ಥಟ್ಟನೆ ಅರ್ಥವಾಗುತ್ತದೆ.

ನಾನಿರುವುದು ಮಿನೆಸೋಟಾ ರಾಜ್ಯದಲ್ಲಿ. ರಜೆಯ ದಿನ ಗುರಿ ಅಭ್ಯಾಸಕ್ಕೆ ಹೋಗುವುದು ನನ್ನ ಹವ್ಯಾಸ. ಅಲ್ಲಿ ಈ ಹವ್ಯಾಸ ಇರುವ ಬಹಳ ಜನ ತಮ್ಮ ತೋಟಾಗಳನ್ನು ತಾವೇ ತುಂಬಿಸಿಕೊಳ್ಳುತ್ತಾರೆ, ಅದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಒಂದು ತೋಟಾದಲ್ಲಿ ಇರುವುದು ನಾಲ್ಕೇ ವಸ್ತು. ಹಿತ್ತಾಳೆಯ ಖೋಲು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹೊಡೆದ ಮೇಲೆ ಉಳಿಯುವುದು ಖೋಲು ಮಾತ್ರ. ಅದನ್ನು ಎಸೆಯದೆ ಹೆಕ್ಕಿ ತಂದು, ಸ್ವಚ್ಛ ಮಾಡಿ, ಉಳಿದ ಮೂರನ್ನು ಹೊಸದಾಗಿ ಹಾಕಿದರೆ ಮತ್ತೆ ತೋಟಾ. ಇದಕ್ಕೆ ಅಂತಲೇ ಮೇಜಿಗೆ ಬಿಗಿಯುವ ಕೈಪ್ರೆಸ್ ಸಿಗುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಒಂದು ಬೆಂಚು, ಒಂದು ತಕ್ಕಡಿ, ಪಕ್ಕದಲ್ಲಿ ಅಳತೆಗಳ ಕೈಪಿಡಿ. ಚಳಿಗಾಲದ ಸಂಜೆಗಳು ಹಾಗೇ ಕಳೆಯುತ್ತವೆ.

ಯಾಕೆ ಇಷ್ಟು ಕಷ್ಟ ಪಡುತ್ತಾರೆ? ಖರ್ಚು ಕಡಿಮೆ ಅನ್ನುವುದು ಮೊದಲ ಉತ್ತರ. ಆದರೆ ಅಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ರೀಲೋಡಿಂಗ್ ಮಾಡಿದರೆ ದುಡ್ಡು ಉಳಿಯುವುದಿಲ್ಲ, ಈಡು ಜಾಸ್ತಿ ಆಗುತ್ತದೆ ಅಷ್ಟೇ. ಎರಡನೆಯದು ಗುರಿಯ ನಿಖರತೆ. ತನ್ನ ಕೋವಿಗೆ ಒಗ್ಗುವ ಅಳತೆಯನ್ನು ತಾನೇ ಹುಡುಕಿಕೊಳ್ಳಬಹುದು. ಮೂರನೆಯದನ್ನು ಜನ ಬಾಯಿಬಿಟ್ಟು ಹೇಳುವುದು ಕಡಿಮೆ, ಆದರೆ ಮನಸ್ಸಿನಲ್ಲಿ ಇದೆ. ಅಂಗಡಿಯಲ್ಲಿ ತೋಟಾ ಇಲ್ಲದಿದ್ದರೂ ನನಗೆ ತೊಂದರೆ ಇಲ್ಲ, ನಾನು ಯಾರ ಹಂಗಿನಲ್ಲೂ ಇಲ್ಲ ಅನ್ನುವ ಭಾವನೆ.

ಈ ಮೂರನೆಯದು ಎಷ್ಟು ಪೊಳ್ಳು ಅನ್ನುವುದೇ ಇವತ್ತಿನ ನನ್ನ ಮಾತು.

2020ರ ಬೇಸಿಗೆಯ ಹೊತ್ತಿಗೆ ನಮ್ಮ ಊರಿನ ಅಂಗಡಿಯಲ್ಲಿ ಕೇಪಿನ ಶೆಲ್ಫ್ ಖಾಲಿಯಾಯಿತು. ಕೈಪ್ರೆಸ್ ಇತ್ತು, ತಕ್ಕಡಿ ಇತ್ತು, ಗುಂಡುಗಳು ಚೂರುಪಾರು ಇದ್ದವು. ಕೇಪು ಮಾತ್ರ ಇಲ್ಲ. ಬಾಗಿಲು ತಳ್ಳಿ ಒಳಗೆ ಬಂದವರೆಲ್ಲ ಕೇಳುವುದು ಒಂದೇ, ಕೇಪು ಬಂತಾ? ಅಂಗಡಿಯವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಕೊನೆಗೆ ಬಾಗಿಲಿಗೇ ಚೀಟಿ ಅಂಟಿಸಿದರು, ಕೇಪು ಇಲ್ಲ, ಯಾವಾಗ ಬರುತ್ತದೆ ಗೊತ್ತಿಲ್ಲ ಅಂತ. ತಮಾಷೆ ಏನು ಗೊತ್ತಾ? ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಕೇಪು ಮಾಡುತ್ತಿದ್ದ ಕಂಪನಿಗಳು ನಾಲ್ಕು. ಅದರಲ್ಲಿ ಒಂದಾದ ಫೆಡರಲ್‌ನ ಕಾರ್ಖಾನೆ ಇರುವುದು ಇದೇ ಮಿನೆಸೋಟಾದ ಅನೋಕಾದಲ್ಲಿ. ಕೇಪು ತಯಾರಾಗುವ ರಾಜ್ಯದಲ್ಲೇ ಕೇಪಿಗೆ ಬರ.

ಉಳಿದ ಮೂರು ಕಂಪನಿಗಳು ಇವು: ಐಡಾಹೋ ರಾಜ್ಯದ ಲೂಯಿಸ್ಟನ್‌ನಲ್ಲಿ ಸಿಸಿಐ, ಓಲಿನ್ ಕಂಪನಿಯ ವಿಂಚೆಸ್ಟರ್, ಆರ್ಕನ್ಸಾದ ಲೋನೋಕ್‌ನಲ್ಲಿ ರೆಮಿಂಗ್ಟನ್. ಅಷ್ಟು ದೊಡ್ಡ ದೇಶ, ಜನಸಂಖ್ಯೆಗಿಂತ ಜಾಸ್ತಿ ಕೋವಿಗಳಿರುವ ದೇಶ, ಅದಕ್ಕೆ ಆಗ ಕೇಪು ಕೊಡುತ್ತಿದ್ದವರು ನಾಲ್ಕು ಜನ. ಅದರಲ್ಲೂ ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ವರ್ಷದ ಹಿಂದೆ, 2018ರಲ್ಲೂ ಒಂದು ಸಲ ಹಾಕಿತ್ತು. ಬೇಡಿಕೆ ಆಕಾಶಕ್ಕೆ ಏರುತ್ತಿರುವಾಗ ನಾಲ್ವರಲ್ಲಿ ಒಬ್ಬರು ಕೋರ್ಟಿನಲ್ಲಿ ಕುಳಿತಿದ್ದರು.

ಹೊರದೇಶದ ಕೇಪೂ ಬರುತ್ತದೆ. ಚೆಕ್ ದೇಶದ ಸೆಲಿಯರ್ ಅಂಡ್ ಬೆಲೋ, ಇಟಲಿಯ ಫಿಯೋಕಿ, ಬ್ರೆಜಿಲ್‌ನ ಸಿಬಿಸಿ. ಬೋಸ್ನಿಯಾದ ಗೊರಾಜ್ದೆ ಅನ್ನುವ ಊರಿನಿಂದಲೂ ಗಿನೆಕ್ಸ್ ಅಂತ ಒಂದು ಬರುತ್ತದೆ. ಆದರೆ ಕೇಪು ಸ್ಫೋಟಕ ವಸ್ತು. ಹಡಗಿಗೆ ಹಾಕಿ ತರುವುದು ಬಟ್ಟೆಬರೆ ತಂದ ಹಾಗಲ್ಲ. ಪ್ರತಿ ಹೆಜ್ಜೆಗೂ ಕಾಗದಪತ್ರ.

ಹಾಗಾದರೆ ಕಾರ್ಖಾನೆ ದೊಡ್ಡದು ಮಾಡಬಾರದಾ ಅಂತ ನೀವು ಕೇಳಬಹುದು. ಕೇಪು ನೋಡಲು ಅಂಗಿಯ ಗುಂಡಿಗಿಂತ ಚಿಕ್ಕದು. ಒಂದು ಪುಟ್ಟ ಲೋಹದ ಬಟ್ಟಲು, ಅದರಲ್ಲಿ ಚಿಟಿಕೆಗಿಂತ ಕಡಿಮೆ ಸಿಡಿಮದ್ದು, ಮೇಲೆ ಲೋಹದ ಒಂದು ಸಣ್ಣ ಅಡೆಗಲ್ಲು. ಈ ಸಿಡಿಮದ್ದಿನ ಮುಖ್ಯ ಭಾಗ ಸೀಸದ ಸ್ಟಿಫ್ನೇಟ್. ಬಡಿದರೆ, ಉಜ್ಜಿದರೆ, ಒಂದು ಕಿಡಿ ತಾಗಿದರೆ ಸಿಡಿಯುವ ವಸ್ತು. ಅದಕ್ಕೇ ಅದನ್ನು ಒದ್ದೆ ಇರುವಾಗಲೇ ಬಟ್ಟಲುಗಳಿಗೆ ತುಂಬುತ್ತಾರೆ, ಆಮೇಲೆ ಒಣಗಿಸುತ್ತಾರೆ. ಈ ಕೆಲಸಕ್ಕೆ ಬೇಕಾದ ಕಟ್ಟಡ ಬೇರೆ, ಪರವಾನಗಿ ಬೇರೆ, ಪಳಗಿದ ಕೈ ಬೇರೆ. ನಾಳೆಯಿಂದ ಎರಡರಷ್ಟು ಮಾಡಿ ಅಂದರೆ ಆಗುವ ಕೆಲಸವಲ್ಲ, ಹೊಸ ಘಟಕಕ್ಕೆ ವರ್ಷಗಳೇ ಬೇಕು.

ಇನ್ನೊಂದು ಕಾರಣ ಇದೆ, ಅದು ಲೆಕ್ಕದ ಪುಸ್ತಕದಲ್ಲಿದೆ. ಈ ವ್ಯಾಪಾರಕ್ಕೆ ಚುನಾವಣೆಯ ಜ್ವರ ಬಡಿದುಕೊಂಡಿದೆ. 2008ರಲ್ಲಿ ಒಬಾಮಾ ಗೆದ್ದರು, ಹೊಸ ಕಾನೂನು ಬರುತ್ತದೆ ಅಂತ ಜನ ಹೆದರಿ ಕೊಂಡರು, ಸರಕು ಖಾಲಿ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡಿನ ದಾಳಿ ನಡೆಯಿತು. ಅದರ ಬೆನ್ನಿಗೇ ಮತ್ತೆ ಅದೇ ಭಯ, ಮತ್ತೆ ಖಾಲಿ. ಆಗಂತೂ .22ರಂಥ ಅಗ್ಗದ ತೋಟಾ ಕೂಡ ವರ್ಷಗಟ್ಟಲೆ ಸರಿಯಾಗಿ ಸಿಗಲಿಲ್ಲ. 2016ರಲ್ಲಿ ಟ್ರಂಪ್ ಗೆದ್ದರು. ಕಾನೂನಿನ ಭಯ ಹೋಯಿತು. ಜನ ಕೊಳ್ಳುವುದನ್ನೇ ಬಿಟ್ಟರು. ಗೋದಾಮು ತುಂಬಿತು, ರೇಟು ಬಿತ್ತು, ಕಂಪನಿಗಳು ಸೊರಗಿದವು. ರೆಮಿಂಗ್ಟನ್‌ನ ಮೊದಲ ದಿವಾಳಿ ಬಂದದ್ದು ಈ ಹೊತ್ತಿನಲ್ಲೇ. ಇದನ್ನೆಲ್ಲ ಕಂಡ ಮಾಲೀಕ 2020ರ ಗದ್ದಲ ನೋಡಿ ಕೋಟಿಗಟ್ಟಲೆ ಸುರಿದು ಹೊಸ ಘಟಕ ಕಟ್ಟುತ್ತಾನಾ? ನಾನಾಗಿದ್ದರೂ ಕಟ್ಟುತ್ತಿರಲಿಲ್ಲ.

ಕೋವಿಡ್ ಭಯ, ಚುನಾವಣೆ ಎರಡೂ ಒಟ್ಟಿಗೆ ಬಂದ 2020ರ ಗದ್ದಲ ಎಷ್ಟಿತ್ತು ಅಂತ ಅಂದಾಜಿಗೆ ಹೇಳುತ್ತೇನೆ. ಅಲ್ಲಿ ಅಂಗಡಿಯಲ್ಲಿ ಕೋವಿ ಕೊಳ್ಳುವವರ ಹಿನ್ನೆಲೆಯನ್ನು ಎಫ್‌ಬಿಐ ಮೂಲಕ ತಪಾಸಣೆ ಮಾಡುತ್ತಾರೆ. 2019ರಲ್ಲಿ ಇಂಥ ತಪಾಸಣೆಗಳು ಸುಮಾರು 2.84 ಕೋಟಿ. 2020ರಲ್ಲಿ 3.97 ಕೋಟಿ. ಪ್ರತಿ ತಪಾಸಣೆಗೂ ಒಂದು ಕೋವಿ ಅಂತಲ್ಲ, ಪರವಾನಗಿ ಕೆಲಸಕ್ಕೂ ಇದು ನಡೆಯುತ್ತದೆ. ಆದರೂ ಏರಿಕೆ ಗೊತ್ತಾಗುತ್ತದೆ ಅಲ್ವಾ. ಆ ವರ್ಷ ಮೊದಲ ಸಲ ಕೋವಿ ಕೊಂಡವರು 84 ಲಕ್ಷ ಅಂತ ಅಲ್ಲಿನ ಕೋವಿ ಉದ್ಯಮದ ಸಂಘ ಅಂದಾಜು ಮಾಡಿತು. ಒಬ್ಬೊಬ್ಬರು ಐವತ್ತರ ಎರಡು ಡಬ್ಬಿ ತೋಟಾ ತೆಗೆದುಕೊಂಡರು ಅಂತ ಇಟ್ಟುಕೊಳ್ಳಿ. ಅದು ಅತಿ ಆಸೆಯೇನಲ್ಲ, ಕೋವಿ ಕೊಂಡವನಿಗೆ ಅಷ್ಟಾದರೂ ಬೇಕು. ಲೆಕ್ಕ ಹಾಕಿ, 84 ಕೋಟಿ ತೋಟಾ ಆಯಿತು. 84 ಕೋಟಿ ತೋಟಾ ಅಂದರೆ 84 ಕೋಟಿ ಕೇಪು.

ನನ್ನಂಥವನು ಸೋತದ್ದು ಇಲ್ಲೇ. ಕೇಪು ಮಾಡುವ ಈ ಕಂಪನಿಗಳೇ ತಯಾರಾದ ತೋಟಾವನ್ನೂ ಮಾರುತ್ತವೆ. ಕಾರ್ಖಾನೆಯಿಂದ ಹೊರಬಂದ ಒಂದು ಕೇಪಿಗೆ ಎರಡು ದಾರಿ. ಪಕ್ಕದ ಸಾಲಿನ ಯಂತ್ರಕ್ಕೆ ಹೋಗಿ ಅಲ್ಲೇ ತೋಟಾ ಆಗಬಹುದು. ಇಲ್ಲವೇ ನೂರರ ಟ್ರೇಯಲ್ಲಿ ಕುಳಿತು, ಸಾವಿರದ ಡಬ್ಬಿಯಾಗಿ, ನಮ್ಮ ಊರಿನ ಅಂಗಡಿಗೆ ಬರಬಹುದು. ಬಿಡಿ ಕೇಪಿಗೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಮೂರು ನಾಲ್ಕು ಸೆಂಟ್. ಅದೇ ಕೇಪು ತೋಟಾದ ಭಾಗವಾದರೆ ಅದರ ಎಷ್ಟೋ ಪಟ್ಟು. ಸೇನೆಯ, ಪೊಲೀಸರ ಆರ್ಡರ್ ಮೊದಲು. ಆಮೇಲೆ ಡಬ್ಬಿ ತೋಟಾ. ಅದರಲ್ಲೂ ಜಾಸ್ತಿ ಓಡುವ ಪಿಸ್ತೂಲಿನ 9 ಎಂಎಂ, ರೈಫಲಿನ .223. ಇಷ್ಟೆಲ್ಲ ಆಗಿ ಮಿಕ್ಕಿದರೆ ತಾನೇ ತುಂಬಿಸಿಕೊಳ್ಳುವವನಿಗೆ. ಯಾರ ಹಂಗೂ ಬೇಡ ಅಂದುಕೊಂಡವನು ಸಾಲಿನ ಕಟ್ಟಕಡೆಯಲ್ಲಿ ನಿಂತಿದ್ದ, ಅಷ್ಟು ವರ್ಷ ಅದು ಅವನಿಗೆ ಗೊತ್ತಿರಲಿಲ್ಲ.

ಇದರಲ್ಲಿ ಎಲ್ಲರಿಗಿಂತ ಪೆಟ್ಟು ತಿಂದವರು ಹಳೆಯ, ಅಪರೂಪದ ಕೋವಿ ಇಟ್ಟುಕೊಂಡ ಬೇಟೆಗಾರರು. ಅಜ್ಜನ ಕಾಲದ ರೈಫಲ್, ಅದಕ್ಕೆ ಹೊಂದುವ ತೋಟಾವನ್ನು ಕಾರ್ಖಾನೆ ಸಾಮಾನ್ಯ ದಿನಗಳಲ್ಲೇ ವರ್ಷಕ್ಕೊಂದು ಸಲ ಮಾಡಿದರೆ ಹೆಚ್ಚು. ಗದ್ದಲದ ವರ್ಷ ಅದನ್ನು ಮಾಡುವುದೇ ಇಲ್ಲ, ಯಂತ್ರ ಪೂರ್ತಿ 9 ಎಂಎಂಗೆ. ಅವನಿಗೆ ಇದ್ದ ದಾರಿ ಒಂದೇ, ತಾನೇ ತುಂಬಿಸಿಕೊಳ್ಳುವುದು. ಅದಕ್ಕೆ ದೊಡ್ಡ ರೈಫಲ್ ಕೇಪು ಬೇಕು. ಕೇಪಿನಲ್ಲೂ ಚಿಕ್ಕದು ದೊಡ್ಡದು, ಪಿಸ್ತೂಲಿನದು ರೈಫಲಿನದು ಅಂತ ಜಾತಿಗಳಿವೆ. ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ.

ಈಗ ಗಾಳಿಮಾತುಗಳ ವಿಷಯ. ಸರಕು ಇಲ್ಲದ ಅಂಗಡಿಯಲ್ಲಿ ಮಾತು ಮಾತ್ರ ಯಥೇಚ್ಛ. 2013ರ ಕೊರತೆಯ ಹೊತ್ತಿಗೆ ಒಂದು ಸುದ್ದಿ ಹಬ್ಬಿತ್ತು. ಒಳಾಡಳಿತ ಭದ್ರತಾ ಇಲಾಖೆ ತೋಟಾವನ್ನೆಲ್ಲ ಬಾಚಿಕೊಳ್ಳುತ್ತಿದೆ, ಜನರ ಕೈಗೆ ಸಿಗದಂತೆ ಮಾಡುವ ಸರ್ಕಾರದ ಹುನ್ನಾರ ಇದು ಅಂತ. ಸಂಸತ್ತಿನ ಲೆಕ್ಕಪರಿಶೋಧಕರು ಇದನ್ನು ತನಿಖೆ ಮಾಡಿ 2014ರಲ್ಲಿ ವರದಿ ಕೊಟ್ಟರು. ಇಲಾಖೆಯ ಖರೀದಿ 2009ರಿಂದ ಕಡಿಮೆಯಾಗುತ್ತಲೇ ಬಂದಿತ್ತು. ಇನ್ನೊಂದು ಸುದ್ದಿ, ಮಿಸೌರಿಯ ಹರ್ಕ್ಯುಲೇನಿಯಂನಲ್ಲಿದ್ದ ಸೀಸ ಕರಗಿಸುವ ಕಾರ್ಖಾನೆ ಮುಚ್ಚಿದ್ದರಿಂದ ಗುಂಡುಗಳೇ ಇಲ್ಲವಾಗುತ್ತವೆ ಅಂತ. ಅದು 2013ರ ಕೊನೆಗೆ ಮುಚ್ಚಿದ್ದು ನಿಜ. ಅದಿರಿನಿಂದ ಸೀಸ ತೆಗೆಯುವ ದೊಡ್ಡ ಕುಲುಮೆ ಅಮೆರಿಕದಲ್ಲಿ ಅದೊಂದೇ ಉಳಿದಿತ್ತು. ಆದರೆ ಅಲ್ಲಿನ ಸೀಸದ ಹೆಚ್ಚು ಭಾಗ ಬರುವುದು ಹಳೆಯ ಬ್ಯಾಟರಿಗಳನ್ನು ಕರಗಿಸಿ. ಗುಂಡಿಗೆ ಅದೇ ಸಾಕು.

ನಾವೇನು ಕಡಿಮೆ ಇಲ್ಲ ಬಿಡಿ. 2016ರ ನವೆಂಬರ್‌ನಲ್ಲಿ, ನೋಟು ರದ್ದಾದ ವಾರ, ದೆಹಲಿ, ಉತ್ತರ ಪ್ರದೇಶದ ಕಡೆ ಉಪ್ಪು ಸಿಗುವುದಿಲ್ಲ ಅಂತ ಸುದ್ದಿ ಹಬ್ಬಿ ಜನ ರಾತ್ರೋರಾತ್ರಿ ಅಂಗಡಿಗೆ ಮುಗಿಬಿದ್ದಿದ್ದು ನಿಮಗೆ ನೆನಪಿರಬೇಕು. ಮೂರು ಕಡೆ ಸಮುದ್ರ ಇರುವ ದೇಶ! ಸುದ್ದಿ ಸುಳ್ಳೇ ಆದರೂ ಆ ರಾತ್ರಿ ಅಂಗಡಿಗಳಲ್ಲಿ ಉಪ್ಪು ಖಾಲಿಯಾದದ್ದು ನಿಜ.

2020ರಲ್ಲಿ ಅಲ್ಲಿ ಕೇಳಿಬಂದ ದೊಡ್ಡ ದೂರು, ಕಂಪನಿಗಳು ಕೇಪು ಮಾಡುವುದನ್ನೇ ನಿಲ್ಲಿಸಿವೆ, ಗೋದಾಮಿನಲ್ಲಿ ಅಡಗಿಸಿಟ್ಟಿವೆ ಅಂತ. ಈ ಮಾತು ಎಷ್ಟು ಬೆಳೆಯಿತೆಂದರೆ ಫೆಡರಲ್ ಕಂಪನಿಯ ಮುಖ್ಯಸ್ಥರೇ ವಿಡಿಯೋ ಮಾಡಿ, ಇಲ್ಲಪ್ಪಾ, ಮಾಡುತ್ತಿದ್ದೇವೆ ಅಂತ ಹೇಳಬೇಕಾಯಿತು. ಯಾರೂ ನಂಬಲಿಲ್ಲ. ಮನುಷ್ಯನಿಗೆ ಖಾಲಿ ಶೆಲ್ಫ್ ಕಂಡರೆ ಅದರ ಹಿಂದೆ ಒಬ್ಬ ಕಳ್ಳ ಇರಲೇಬೇಕು.

ಈ ಕತೆಯಲ್ಲಿ ನನಗೆ ಪಾಪ ಅನ್ನಿಸುವುದು ಸಣ್ಣ ಅಂಗಡಿಯವರನ್ನು ಕಂಡರೆ. ಸಗಟು ವ್ಯಾಪಾರಿ ಅವರಿಗೆ ಕೇಳಿದಷ್ಟು ಕೊಡುವುದಿಲ್ಲ, ಪಾಲು ಹಾಕುತ್ತಾನೆ. ದೊಡ್ಡ ಸರಣಿ ಮಳಿಗೆಗಳಿಗೆ ದೊಡ್ಡ ಪಾಲು. ಇವರಿಗೆ ತಿಂಗಳಾದ ಮೇಲೆ ಒಂದೆರಡು ಡಬ್ಬಿ, ಅದೂ ಯಾವ ಜಾತಿಯದು ಅಂತ ಮೊದಲೇ ಗೊತ್ತಿಲ್ಲ. ಆ ಒಂದೆರಡು ಡಬ್ಬಿಯನ್ನು ಯಾರಿಗೆ ಕೊಡಬೇಕು?

ಒಬ್ಬೊಬ್ಬ ಅಂಗಡಿಯವರು ಒಂದೊಂದು ದಾರಿ ಹಿಡಿದರು. ಕೆಲವರು ಒಬ್ಬರಿಗೆ ನೂರರ ಒಂದೇ ಟ್ರೇ ಅಂತ ಮಿತಿ ಹಾಕಿದರು. ಆಗ ಗಿರಾಕಿ ಹೆಂಡತಿ, ಮಗ, ಭಾವಮೈದುನ ಎಲ್ಲರನ್ನೂ ಕರೆದುಕೊಂಡು ಬಂದ. ಕೆಲವರು ಕೌಂಟರಿನ ಕೆಳಗೆ ಇಟ್ಟು ಹಳೆಯ ಗಿರಾಕಿಗಳಿಗೆ ಮಾತ್ರ ಕೊಟ್ಟರು. ಹೊಸಬ ಬಂದರೆ ಇಲ್ಲ ಅಂದರು. ಕೆಲವರು ಪ್ರೆಸ್ ಕೊಂಡರೆ ಮಾತ್ರ ಕೇಪು ಅಂತ ಜೋಡಿ ಮಾಡಿದರು. ಇನ್ನು ಕೆಲವರು ರೇಟು ಏರಿಸಿದರು. ಅವರಿಗೆ ಸಿಕ್ಕಿದ ಬೈಗುಳ ಅಷ್ಟಿಷ್ಟಲ್ಲ.

ನನ್ನ ಅಭಿಪ್ರಾಯ ನಿಮಗೆ ಹಿಡಿಸದೇ ಇರಬಹುದು. ರೇಟು ಏರಿಸಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಯಾಕೆಂದರೆ ಹಳೆಯ ರೇಟಿಗೇ ಮಾರಿದ ಅಂಗಡಿಯ ಬಾಗಿಲಲ್ಲಿ ಬೆಳಿಗ್ಗೆ ಏಳಕ್ಕೇ ಸಾಲು ನಿಲ್ಲುತ್ತಿತ್ತು. ಆ ಸಾಲಿನಲ್ಲಿ ಕೆಲಸಕ್ಕೆ ಹೋಗುವವನು ಇರಲು ಸಾಧ್ಯವಿಲ್ಲ. ಇದ್ದವರಲ್ಲಿ ಹಲವರು ಹರಾಜು ಸೈಟಿನಲ್ಲಿ ಮಾರುವವರು. 2020ಕ್ಕೆ ಮುಂಚೆ ಸಾವಿರ ಕೇಪಿಗೆ 30ರಿಂದ 40 ಡಾಲರ್ ಇತ್ತು. 2021ರಲ್ಲಿ ಆ ಸೈಟುಗಳಲ್ಲಿ ಅದೇ ಡಬ್ಬಿ 150, 200 ಡಾಲರಿಗೂ ಹೋಯಿತು. ಅಂದರೆ ಅಂಗಡಿಯವರು ಬಿಟ್ಟುಕೊಟ್ಟ ಲಾಭ ಗಿರಾಕಿಗೆ ಉಳಿಯಲಿಲ್ಲ, ಸಾಲಿನಲ್ಲಿ ಮೊದಲು ನಿಂತವನ ಜೇಬಿಗೆ ಹೋಯಿತು. ಮಧ್ಯಮ ರೇಟು, ಜೊತೆಗೆ ಮಿತಿ, ಹೀಗೆ ಎರಡನ್ನೂ ಮಾಡಿದವರ ಹತ್ತಿರ ಸಂಜೆ ಐದಕ್ಕೂ ಒಂದೊಂದು ಟ್ರೇ ಉಳಿದಿರುತ್ತಿತ್ತು. ದೂರದ ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸಬಹುದಲ್ಲ ಅಂತೀರಾ? ತರಿಸಬಹುದು. ಆದರೆ ಕೇಪು, ಮದ್ದು ಎರಡಕ್ಕೂ ಅಪಾಯಕಾರಿ ಸರಕಿನ ಶುಲ್ಕ ಪ್ರತ್ಯೇಕ. ಸಣ್ಣ ಆರ್ಡರಿಗೆ ಅದು ಕೈ ಕಚ್ಚುತ್ತದೆ. ಅದಕ್ಕೆ ತರಿಸುವವರು ಸಾವಿರದ ಬದಲು ಐದು ಸಾವಿರ ತರಿಸುತ್ತಾರೆ. ಕೊರತೆ ಇನ್ನಷ್ಟು ಬಿಗಿಯಾಗುತ್ತದೆ.

ಹಾಗಂತ ಕೂಡಿಟ್ಟವರೆಲ್ಲ ದುರಾಸೆಯವರು ಅನ್ನಬೇಡಿ. ಈ ಹವ್ಯಾಸದ ಒಳಗೇ ಕೂಡಿಡುವ ಕಾರಣ ಇದೆ. ಮದ್ದಿನಲ್ಲಿ ಹತ್ತಾರು ಬಗೆ. ಒಂದೇ ಬಗೆಯಲ್ಲೂ ಒಂದು ಲಾಟ್‌ಗೂ, ಅಂದರೆ ಒಂದು ಸಲಕ್ಕೆ ತಯಾರಾದ ಮದ್ದಿಗೂ, ಇನ್ನೊಂದು ಲಾಟ್‌ಗೂ ಸಣ್ಣ ವ್ಯತ್ಯಾಸ. ಕೇಪು ಬದಲಾದರೂ ಕೋವಿಯೊಳಗಿನ ಒತ್ತಡ ಬದಲಾಗುತ್ತದೆ. ಆಗ ಕೈಪಿಡಿ ತೆರೆದು, ಕಡಿಮೆ ಅಳತೆಯಿಂದ ಶುರು ಮಾಡಿ, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು. ಉದಾಸೀನ ಮಾಡಿದರೆ ಕೋವಿ ಕೈಯಲ್ಲೇ ಒಡೆದೀತು. ಸ್ಪರ್ಧೆಗೆ ಹೋಗುವವನು ಅದಕ್ಕೇ ಒಂದೇ ಲಾಟಿನ ಎಂಟು ಪೌಂಡ್ ಜಾಡಿಯನ್ನೇ ಕೊಳ್ಳುತ್ತಾನೆ. ಒಂದು ಪೌಂಡ್ ಮದ್ದಿನಲ್ಲಿ ಪಿಸ್ತೂಲಿನದಾದರೆ ಸಾವಿರಕ್ಕೂ ಹೆಚ್ಚು ತೋಟಾ ಆಗುತ್ತದೆ, ರೈಫಲಿನದಾದರೆ ನೂರೈವತ್ತರ ಆಸುಪಾಸು ಅಷ್ಟೇ. ಮನೆಯಲ್ಲಿ ಇಡುವುದಕ್ಕೂ ಅಗ್ನಿಸುರಕ್ಷತೆಯ ನಿಯಮ ಇದೆ. ಕೇಪು ಹತ್ತು ಸಾವಿರದವರೆಗೆ, ಮದ್ದು ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ. ಅದಕ್ಕಿಂತ ಹೆಚ್ಚಿನ ಮದ್ದಾದರೆ ದಪ್ಪ ಮರದ ಪೆಟ್ಟಿಗೆ ಬೇಕು.

ಮಧ್ಯೆ ಒಂದು ವಿಷಯ ಹೇಳಿಬಿಡುತ್ತೇನೆ, ಕಾಡಿನ ನಡುವೆ ಇರುವ ನಿಮಗೆ ಇದು ಇಷ್ಟವಾಗಬಹುದು. ಅಮೆರಿಕದಲ್ಲಿ ತೋಟಾ ಮೇಲೆ ಶೇ. 11 ಕೇಂದ್ರ ತೆರಿಗೆ ಇದೆ. ಪಿಟ್ಮನ್–ರಾಬರ್ಟ್‌ಸನ್ ಕಾಯ್ದೆ, 1937ರದು. ಆ ದುಡ್ಡು ಬೇರೆ ಎಲ್ಲೂ ಹೋಗುವ ಹಾಗಿಲ್ಲ. ವನ್ಯಜೀವಿಗಳಿಗೆ, ಅವುಗಳ ನೆಲೆಗೆ, ಬೇಟೆಯ ತರಬೇತಿಗೆ ರಾಜ್ಯಗಳ ಮೂಲಕ ಖರ್ಚಾಗಬೇಕು. ಜನ ಹೆದರಿ ತೋಟಾ ಬಾಚಿಕೊಂಡ ಆ ಎರಡು ವರ್ಷಗಳಿಂದ 2022ರಲ್ಲಿ ಈ ನಿಧಿಯ ಹಂಚಿಕೆ ನೂರು ಕೋಟಿ ಡಾಲರ್ ದಾಟಿತು. ಹೆದರಿಕೊಂಡವರು ನಗರದವರು, ಲಾಭ ಆದದ್ದು ಜಿಂಕೆಗೆ, ಬಾತುಕೋಳಿಗೆ.

ಇನ್ನೇನು ಕೇಪು ನಿಧಾನಕ್ಕೆ ಶೆಲ್ಫಿಗೆ ಬರಲು ಶುರುವಾಯಿತು ಅನ್ನುವಾಗ ಮದ್ದಿಗೆ ತತ್ವಾರ ಶುರುವಾಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಯುದ್ಧಭೂಮಿಯಲ್ಲಿ 155 ಮಿ.ಮೀ. ಫಿರಂಗಿ ಗುಂಡು ಲಕ್ಷಗಟ್ಟಲೆ ಬೇಕಾಯಿತು. ಉಕ್ರೇನಿಗೆ ವರ್ಷದೊಳಗೆ ಹತ್ತು ಲಕ್ಷ ಗುಂಡು ಕೊಡುತ್ತೇವೆ ಅಂತ ಯುರೋಪ್ 2023ರ ಮಾರ್ಚಿನಲ್ಲಿ ಮಾತು ಕೊಟ್ಟಿತು, ಆ ಅವಧಿಯಲ್ಲಿ ಅಷ್ಟು ಕೊಡಲಾಗಲಿಲ್ಲ. ಫಿರಂಗಿಯ ಮದ್ದಿಗೂ ನನ್ನ ಜಾಡಿಯ ಮದ್ದಿಗೂ ಮೂಲ ಒಂದೇ, ನೈಟ್ರೋಸೆಲ್ಯುಲೋಸ್. ಅದನ್ನು ಮಾಡುವುದು ಹತ್ತಿಯಿಂದ. ಎಳೆ ತೆಗೆದ ಮೇಲೆ ಹತ್ತಿಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ನಾರು ಇದೆಯಲ್ಲ, ಅದರಿಂದ. ಯುರೋಪಿಗೆ ಈ ನಾರು ಬರುತ್ತಿದ್ದದ್ದು ಬಹುಪಾಲು ಚೀನಾದಿಂದ. ಅಮೆರಿಕದ ರೈಫಲ್‌ನವರು ಮೆಚ್ಚುವ ವಾರ್ಗೆಟ್ ಅನ್ನುವ ಮದ್ದಂತೂ ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾ ಅನ್ನುವ ಊರಿನಲ್ಲಿ. ವಿಹ್ತವೂರಿ ಅನ್ನುವ ಇನ್ನೊಂದು ಮದ್ದು ಬರುವುದು ಫಿನ್ಲೆಂಡಿನಿಂದ. 2024ರಲ್ಲಿ ದೊಡ್ಡ ಕಂಪನಿಗಳು ಮದ್ದಿನ ರೇಟು ಏರಿಸಿದವು. ಕೆಲವು ಬಗೆಗಳು ಅಂಗಡಿಗೆ ಬರುವುದೇ ನಿಂತಿತು.

ನಿಮ್ಮಲ್ಲಿ ಒಬ್ಬರು ಆಗಲೇ ಕೇಳಿದರು, ಇದೆಲ್ಲ ನಮಗೆ ಯಾಕೆ ಅಂತ. ಇಲ್ಲಿ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ, ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. ಆದರೆ ಕೋವಿಗೆ ವಿನಾಯಿತಿ ಸಿಕ್ಕಿತು ಅಂತ ಕಾರ್ಖಾನೆ ನಮ್ಮದಾಗುವುದಿಲ್ಲ. ತೋಟಾ ಬರುವುದು ಪುಣೆಯ ಹತ್ತಿರದ ಖಡ್ಕಿಯಿಂದಲೋ, ಎಲ್ಲಿಂದಲೋ. ಕಾಫಿ ತೋಟಕ್ಕೆ ಹಂದಿ ನುಗ್ಗಿದ ರಾತ್ರಿ ಕೈಯಲ್ಲಿ ಅಜ್ಜನ ಕೋವಿ ಇದ್ದರೂ ಪೆಟ್ಟಿಗೆಯಲ್ಲಿ ತೋಟಾ ಇರಬೇಕು. ಅಂಗಡಿಯವರು ಈ ತಿಂಗಳು ಬಂದಿಲ್ಲ ಅಂದರೆ ಬಂದಿಲ್ಲ ಅಷ್ಟೇ.

ಇನ್ನು ಮುಂದೆ ಅಲ್ಲಿ ಹೇಗೆ? ಕೇಪು ಈಗ ಸಿಗುತ್ತದೆ. ಹಳೆಯ ರೇಟಿಗಲ್ಲ, ಸುಮಾರು ಎರಡರಷ್ಟಕ್ಕೆ. ಆರ್ಕನ್ಸಾದಲ್ಲಿ ಹೊಸಬರು ಕೇಪು ಮಾಡಲು ಇಳಿದಿದ್ದಾರೆ. ಇನ್ನೊಂದು ಕಡೆ ಹಳೆಯ ನಾಲ್ವರ ಕತೆ ನೋಡಿ. ಫೆಡರಲ್, ಸಿಸಿಐ ಎರಡೂ ವಿಸ್ಟಾ ಅನ್ನುವ ಒಂದೇ ಕಂಪನಿಯ ಕೈಯಲ್ಲಿದ್ದವು. ದಿವಾಳಿಯಾದ ರೆಮಿಂಗ್ಟನ್‌ನ ತೋಟಾ ವ್ಯಾಪಾರವನ್ನು 2020ರಲ್ಲಿ ಅದೇ ಕಂಪನಿ ಕೊಂಡಿತು. 2024ರ ನವೆಂಬರ್‌ನಲ್ಲಿ ಮೂರನ್ನೂ ಒಟ್ಟಿಗೆ ಪ್ರಾಗ್ ನಗರದ ಸಿಎಸ್‌ಜಿ ಗುಂಪು ಕೊಂಡುಕೊಂಡಿತು. ಇಟಲಿಯ ಫಿಯೋಕಿ ಕೂಡ ಅವರದ್ದೇ. ಫಿರಂಗಿ ಗುಂಡು ಮಾಡುವುದೂ ಅವರ ಕಸುಬು. ಮತ್ತೊಂದು ಗದ್ದಲದ ವರ್ಷ ಬಂದಾಗ ನಮ್ಮ ಊರಿನ ಅಂಗಡಿಗೆ ಎರಡು ಡಬ್ಬಿ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಪ್ರಾಗ್‌ನಲ್ಲಿ ಕುಳಿತಿರುತ್ತಾರೆ. ಅವರು ಬೇಡ ಅಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ನಾನು ಈಗ ವರ್ಷಕ್ಕೆ ಬೇಕಾದಷ್ಟನ್ನು ಚಳಿಗಾಲದಲ್ಲೇ ತೆಗೆದಿಡುತ್ತೇನೆ. ಆಗ ಅಂಗಡಿಯಲ್ಲಿ ಜನ ಕಡಿಮೆ.